ಕುದುರೆಗೆ ಕೊಟ್ಟ ಅಕ್ಕಚ್ಚು

ತೀರ್ಥಹಳ್ಳಿಯಲ್ಲಿ ನಾನು ಕೆಲಸ ಮಾಡುವ ಔಷಧದಂಗಡಿಗೆ ಬರುವವರು ಯಾರೂ ತಮಗಾಗಿ ಏನನ್ನೂ ಕೇಳುವುದಿಲ್ಲ. ಅದು ಪ್ರಾಣಿಗಳ ಔಷಧದ ಅಂಗಡಿ. ಬಿ.ಫಾರ್ಮ ಮುಗಿಸಿದ ಮೇಲೆ ಒಂದಾರು ತಿಂಗಳು ಅಂದುಕೊಂಡು ಸೇರಿದವಳು ಈಗ ಮೂರನೆಯ ವರ್ಷದಲ್ಲಿದ್ದೇನೆ. ವಾರವೆಲ್ಲ ಇಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ಹೊಸನಗರದ ಮನೆಗೆ ಹೋಗುತ್ತೇನೆ.

ನಮ್ಮಲ್ಲಿ ಹೆಚ್ಚು ಖರ್ಚಾಗುವುದು ದನಗಳ ಜಂತುಹುಳುವಿನ ಮಾತ್ರೆ ಮತ್ತು ಕರು ಹಾಕಿದ ಹಸುವಿಗೆ ಕುಡಿಸುವ ಕ್ಯಾಲ್ಸಿಯಂ. ಈಚೆಗೆ ನಾಯಿ ಬೆಕ್ಕುಗಳ ಶಕ್ತಿವರ್ಧಕಗಳಿಗಾಗಿಯೇ ಒಂದು ಕಪಾಟು ಬಂದಿದೆ. ಕೂದಲು ಮಿನುಗಲು ಎಣ್ಣೆ, ಕೀಲಿಗೆ ಮಾತ್ರೆ, ಮರಿಗಳಿಗೆ ಪುಡಿ. ಆ ಕಪಾಟಿನಿಂದ ಏನನ್ನಾದರೂ ಕೊಡುವ ಮೊದಲು ನಾನು ಒಂದು ಕಾರ್ಡು ತೆಗೆದು, ಪ್ರಾಣಿ ಈಗ ಏನು ತಿನ್ನುತ್ತಿದೆ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಎರಡನ್ನೂ ಹೋಲಿಸುತ್ತೇನೆ. ಅಂಗಡಿಯ ಯಜಮಾನರಿಗೆ ಇದು ತಮಾಷೆ. “ಇವ್ಳು ನಾಯಿಗೂ ಜಾತಕ ಬರೀತಾಳೆ” ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಾರೆ.

ಜಾತಕದಿಂದ ಉಪಯೋಗವೂ ಆಗಿತ್ತು. ಕಾರ್ಗಲ್ಲಿನಲ್ಲಿ ವಿದ್ಯುತ್ ಯೋಜನೆಯ ಕೆಲಸದಿಂದ ನಿವೃತ್ತರಾಗಿ ಇಲ್ಲಿ ಮಗಳ ಮನೆಗೆ ಬಂದಿದ್ದ ಒಬ್ಬರು ಒಮ್ಮೆ ಬಂದು, ತಮ್ಮ ನಾಯಿಮರಿಗೆ ಒಂದು ಕಿವಿ ನೆಟ್ಟಗೆ ನಿಂತಿದೆ, ಇನ್ನೊಂದು ನಿಲ್ಲುತ್ತಿಲ್ಲ ಎಂದರು.

“ಕ್ಯಾಲ್ಸಿಯಂ ಜಾಸ್ತಿ ಮಾಡಿದ್ರೆ ನಿಲ್ತದಾ?”

“ಈಗ ಎಷ್ಟು ಕೊಡ್ತಿದೀರಿ ಸರ್?”

“ನಾನೊಂದು ಚಮಚ. ನನ್ನ ಹೆಂಡ್ತಿ ನಂಗೆ ಗೊತ್ತಾಗದ ಹಾಗೆ ಇನ್ನೊಂದು ಚಮಚ. ಮಗಳದ್ದು ಗೊತ್ತಿಲ್ಲ.”

“ಹಾಗಾದ್ರೆ ಇನ್ನು ಬೇಡ. ಜಾಸ್ತಿಯಾದ್ರೆ ಎಲುಬಿಗೇ ತೊಂದರೆ.”

“ಮತ್ತೆ ಕಿವಿ?”

ಯಜಮಾನರು ಒಳಗಿನಿಂದಲೇ, “ಕಳ್ಳರು ಬಂದ್ರೆ ಒಂದು ಕಿವೀಲಿ ಕೇಳಿದ್ರೂ ಸಾಕಲ್ಲ ಸಾರ್” ಎಂದರು. ಅವರು ನಗುತ್ತಾ ಬರಿಗೈಯಲ್ಲಿ ಹೋದರು. ಅಂಥ ದಿನಗಳಲ್ಲಿ ನನ್ನ ಕೆಲಸ ನನಗೆ ಗೊತ್ತಿದೆ ಎಂಬ ಸಮಾಧಾನ ಇರುತ್ತಿತ್ತು.

ಕುದುರೆಯ ಅಕ್ಕ ಬಂದದ್ದು ದೀಪಾವಳಿ ಕಳೆದ ವಾರದಲ್ಲಿ. ಐವತ್ತರ ಆಸುಪಾಸಿನ ಹೆಂಗಸು, ಅರಳಸುರಳಿಯ ಹತ್ತಿರ ಒಂದು ಸಣ್ಣ ಅಕ್ಕಿ ಮಿಲ್ಲು ನಡೆಸುತ್ತಾರೆ. ಬಂದವರೇ ಕೌಂಟರಿನ ಮೇಲೆ ಎರಡೂ ಕೈ ಊರಿ, “ಕುದುರೆಗೆ ಎಂಥದಾರೂ ಟಾನಿಕ್ ಉಂಟಾ?” ಎಂದರು.

ಕುದುರೆ ಎಂದೊಡನೆ ಯಜಮಾನರು ಪೇಪರಿನಿಂದ ತಲೆ ಎತ್ತಿದರು. “ಯಾವ ಕುದುರೆ? ಚದುರಂಗದ್ದಾ?”

“ನಿಮ್ಮಂಗಡೀಲಿ ಆಡೋ ಪುರುಸೊತ್ತು ನಿಮ್ಗೆ ಉಂಟು. ನಂದು ಹುಲ್ಲು ತಿನ್ನೋ ಕುದುರೆ” ಎಂದರು ಆ ಅಕ್ಕ.

ಸಾಗರದಲ್ಲಿದ್ದ ಅವರ ಅಣ್ಣ ಮದುವೆ ಮೆರವಣಿಗೆಗಳಿಗೆ ಬಿಳಿ ಕುದುರೆಯೊಂದನ್ನು ಬಾಡಿಗೆಗೆ ಕೊಡುತ್ತಿದ್ದರಂತೆ. ಹಿಂದಿನ ವರ್ಷ ಅಣ್ಣ ತೀರಿಕೊಂಡರು. “ಬೈಕು ಒಬ್ರು ಕೇಳಿದ್ರು, ಜಾಗ ಒಬ್ರು ಕೇಳಿದ್ರು. ಇವಳನ್ನ ಯಾರೂ ಕೇಳ್ಲಿಲ್ಲ. ಗೂಡ್ಸ್ ಗಾಡೀಲಿ ಹತ್ತಿಸ್ಕೊಂಡು ಬಂದೆ.” ಬಂದಾಗ ಮೈಕೈ ತುಂಬಿಕೊಂಡಿದ್ದವಳು ಈಗ ಸೊರಗಿದ್ದಾಳೆ, ಹೆಜ್ಜೆ ಹಾಕಲು ಸೋಮಾರಿತನ ಮಾಡುತ್ತಾಳೆ. ಡಾಕ್ಟರು ಬಂದು ಜಂತಿನ ಔಷಧ ಕುಡಿಸಿ, ಮಿನರಲ್ ಪುಡಿ ಏನಾದರೂ ಕೊಡಿ ಎಂದಿದ್ದರು.

“ಇವಳು ನನ್ನ ಕೈಯಲ್ಲಿ ಹೋಗಬಾರದು ತಂಗಿ. ಅಣ್ಣನ ಹತ್ರ ಹನ್ನೊಂದು ವರ್ಷ ಇದ್ದವಳು ನನ್ನ ಹತ್ರ ಒಂದು ವರ್ಷಕ್ಕೆ ಹೋದ್ಲು ಅಂದ್ರೆ ಎಂಥ ಹೇಳೂದು ನಾನು?”

ನಾನು ಕಾರ್ಡು ತೆಗೆದೆ.

“ಏನೇನು ಕೊಡ್ತೀರಿ ತಿನ್ನೋಕೆ?”

“ಹುಲ್ಲು. ನೆನೆಹಾಕಿದ ಹುರುಳಿ. ಒಂದು ತುಂಡು ಬೆಲ್ಲ.”

“ಬೇರೆ?”

“ಬೇರೆ ಎಂಥದೂ ಇಲ್ಲ.”

“ನೀರು ಕುಡೀತಾಳಾ?”

“ಓ, ಕುಡಿಯೂದಕ್ಕೆ ಏನೂ ತೊಂದ್ರೆ ಇಲ್ಲ. ಬಕೆಟ್ ಖಾಲಿ ಮಾಡ್ತಾಳೆ.”

ನೀರು ಎಂದು ಬರೆದಿದ್ದ ಕಡೆ ಸರಿ ಗುರುತು ಹಾಕಿದೆ.

ದನಗಳ ಮಿನರಲ್ ಪುಡಿಯನ್ನೇ ಕೊಟ್ಟು ಕಳಿಸೋಣ ಎಂದ ಯಜಮಾನರ ಮಾತನ್ನು ನಾನು ಒಪ್ಪಲಿಲ್ಲ. ದನಕ್ಕೆ ಸೇರಿಸುವ ಕೆಲವು ವಸ್ತುಗಳು ಕುದುರೆಗೆ ವಿಷ ಎಂದು ಓದಿದ್ದೆ. ಕುದುರೆಗೆಂದೇ ಮಾಡಿದ ಪುಡಿಯನ್ನು ಬೆಂಗಳೂರಿನಿಂದ ತರಿಸಿದೆ. ತೂಕ ಗೊತ್ತಿಲ್ಲದೆ ಪ್ರಮಾಣ ಹೇಳುವಂತಿರಲಿಲ್ಲ. ಎದೆಯ ಸುತ್ತಳತೆ, ಭುಜದಿಂದ ಹಿಂಭಾಗದವರೆಗಿನ ಉದ್ದ ಎರಡನ್ನೂ ಅಳೆದು ತನ್ನಿ ಎಂದೆ. ಅಕ್ಕ ಮುಂದಿನ ಸಲ ಗೋಣಿಚೀಲ ಹೊಲಿಯುವ ಎರಡು ದಾರಗಳನ್ನು ತಂದು ಕೌಂಟರಿನ ಮೇಲೆ ಇಟ್ಟರು. “ಗಂಟು ಹಾಕಿದ್ದು ಹೊಟ್ಟೆ ಸುತ್ತ, ಹಾಕದ್ದು ಉದ್ದ.” ಎದೆಯ ಬದಲು ಹೊಟ್ಟೆ ಅಳೆದಿದ್ದರು. ಮತ್ತೆ ಕಳಿಸಿದೆ. ಮೂರನೆಯ ಸಲಕ್ಕೆ ಲೆಕ್ಕ ಸರಿಯಾಯಿತು. ಪುಡಿಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ, ದಿನಕ್ಕೊಂದರಂತೆ ಮೂವತ್ತು ಪೊಟ್ಟಣ ಕಟ್ಟಿಕೊಟ್ಟೆ. ಒಂದೊಂದು ಪೊಟ್ಟಣವೂ ಒಂದೇ ತೂಕ. ಅಷ್ಟು ಅಚ್ಚುಕಟ್ಟಾಗಿ ನಾನು ಕಾಲೇಜಿನ ಲ್ಯಾಬಿನಲ್ಲೂ ಕೆಲಸ ಮಾಡಿರಲಿಲ್ಲ.

ತಿಂಗಳಿಗೊಮ್ಮೆ ಬಂದು ಪೊಟ್ಟಣ ಒಯ್ಯುತ್ತಿದ್ದರು. ನಡುವೆ ಫೋನು. ಮೂರನೆಯ ತಿಂಗಳಲ್ಲಿ ಅವರ ದನಿಯೇ ಬೇರೆಯಾಗಿತ್ತು.

“ಮುಖ ತುಂಬ್ಕೊಂಡಿದೆ ಮಾರಾಯ್ತಿ! ಕಣ್ಣಿನ ಕೆಳಗೆ ಗುಂಡಗೆ ಬಂದಿದೆ. ನಿನ್ನ ಪುಡಿ ಹಿಡೀತು.”

ಫೋಟೋ ಕಳಿಸಿದರು. ಬಿಸಿಲಿನಲ್ಲಿ ಅಡ್ಡ ನಿಂತ ಬಿಳಿ ಕುದುರೆ. ಮುಖ ಹೌದು, ತುಂಬಿದಂತೆ ಕಂಡಿತು. ಪಕ್ಕೆಲುಬುಗಳು ಇನ್ನೂ ಕಾಣುತ್ತಿದ್ದವೋ ಏನೋ, ನಾನು ನೋಡಿದ್ದು ಮುಖವನ್ನು ಮಾತ್ರ. ಅಕ್ಕ ಮಿಲ್ಲಿಗೆ ಬಂದವರಿಗೆಲ್ಲ ಹೇಳಿರಬೇಕು. ಆ ಕಡೆಯಿಂದ ಬಂದ ಇಬ್ಬರು ಮೂವರು, “ಆ ಕುದುರೆ ಪುಡಿ ಹುಡುಗಿ ಯಾರು?” ಎಂದು ಕೇಳಿಕೊಂಡು ಬಂದರು. ನನಗೆ ಸಂತೋಷವಾಗಿತ್ತು. ತೋರಿಸಿಕೊಳ್ಳಲಿಲ್ಲ.

ಮನೆಗೆ ಬಾ, ಅವಳನ್ನು ನೋಡು ಎಂದು ಅಕ್ಕ ಪ್ರತಿ ಸಲ ಕರೆಯುತ್ತಿದ್ದರು. ನಾನು ಏನಾದರೊಂದು ನೆವ ಹೇಳುತ್ತಿದ್ದೆ. ಗಿರಾಕಿಗಳ ಮನೆಗೆ ಹೋಗುವುದು ನನಗೆ ಮುಜುಗರ. ಹೋಗಲೇಬೇಕು ಅನ್ನಿಸಿದ್ದು ಫೆಬ್ರವರಿಯ ಒಂದು ಫೋನಿನಿಂದ. ಮಾತಿನ ಕೊನೆಯಲ್ಲಿ ಅಕ್ಕ ನಗುತ್ತಾ, “ಈಗೀಗ ಕೊಂಗಾಟ ಜಾಸ್ತಿಯಾಗಿದೆ. ಹುಲ್ಲು ಅಗಿದು ಅಗಿದು ಉಂಡೆ ಮಾಡಿ ಉಗುಳ್ತಾಳೆ, ಚಿಕ್ಕ ಮಕ್ಕಳ ಹಾಗೆ” ಎಂದರು. ನಾನು ನಗಲಿಲ್ಲ. ಅಗಿಯಲಾಗದ ಕುದುರೆ ಹಾಗೆ ಉಗುಳುತ್ತದೆ ಎಂದು ಎಲ್ಲೋ ಓದಿದ್ದೆ.

ಆ ವಾರ ಹೊಸನಗರಕ್ಕೆ ಹೋಗದೆ ಭಾನುವಾರ ಅರಳಸುರಳಿಯ ಬಸ್ಸು ಹತ್ತಿದೆ.

ಕುದುರೆ ಮಿಲ್ಲಿನ ಹಿಂದಿನ ದನದ ಕೊಟ್ಟಿಗೆಯಲ್ಲಿತ್ತು. ದನಗಳಿರಲಿಲ್ಲ, ಅವಳೊಬ್ಬಳೇ. ಕೊಟ್ಟಿಗೆ ನನ್ನ ಕೋಣೆಗಿಂತ ಚೊಕ್ಕಟವಾಗಿತ್ತು. ಅವಳು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಬದಲಿಸುತ್ತಾ ನಿಂತಿದ್ದಳು. ಕಾಲಬುಡದಲ್ಲಿ ಹಸಿ ಹುಲ್ಲಿನ ಉಂಡೆಗಳು ಬಿದ್ದಿದ್ದವು. ಕಣ್ಣಿನ ಕೆಳಗಿನ ಉಬ್ಬನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಮಾಂಸವಲ್ಲ, ಕಲ್ಲಿನಂತೆ ಗಟ್ಟಿ. ಎರಡೂ ಕಡೆ ಒಂದೇ ರೀತಿ. ಮುಖ ತುಂಬಿರಲಿಲ್ಲ, ಎಲುಬು ಊದಿತ್ತು.

ಅಷ್ಟರಲ್ಲಿ ಅಕ್ಕ ಎರಡೂ ಕೈಯಲ್ಲಿ ಹಿಡಿದು ಒಂದು ದೊಡ್ಡ ಬಕೆಟ್ಟು ತಂದಿಟ್ಟರು. ಕುದುರೆ ಮೂತಿ ಅದ್ದಿತು. ಬಕೆಟ್ಟಿನಲ್ಲಿ ಇದ್ದದ್ದು ಅಕ್ಕಚ್ಚು. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತರಕಾರಿಯ ಸಿಪ್ಪೆ. ನಮ್ಮ ಕಡೆ ದನ ಇರುವ ಮನೆಗಳಲ್ಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ಇದಕ್ಕೊಂದು ಪಾತ್ರೆ ಇದ್ದೇ ಇರುತ್ತದೆ. ಅಕ್ಕನ ಅಕ್ಕಚ್ಚು ಮಾತ್ರ ಗಂಜಿಯಂತೆ ಮಂದವಾಗಿತ್ತು.

“ಇದಕ್ಕೆ ಏನು ಹಾಕಿದೀರಿ ಅಕ್ಕಾ?”

“ತೌಡು. ನಮ್ಮದೇ ಮಿಲ್ಲಿಂದು, ಫ್ರೆಶ್ಶು.”

“ಎಷ್ಟು?”

“ಅಳೆದು ಹಾಕೂದು ಯಾರು? ಬೆಳಿಗ್ಗೆ ನಾಕು ಸೇರು, ಸಂಜೆ ನಾಕು ಸೇರು ಇರಬಹುದು. ಪಕ್ಕದ ಎರಡು ಮನೆಯವರೂ ತಮ್ಮ ಅಕ್ಕಚ್ಚು ತಂದು ಹೊಯ್ತಾರೆ. ಅವರೂ ತೌಡು ಹಾಕಿರ್ತಾರೆ.”

“ನನ್ನ ಹತ್ರ ಹೇಳಲಿಲ್ಲ ನೀವು.”

“ನೀನು ಕೇಳಿದ್ದು ತಿನ್ನೂದು. ಇದು ಕುಡಿಯೂದಲ್ವಾ?”

ಅಲ್ಲಿಯೇ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ತೌಡಿನ ಮೇಲೆ ಅನುಮಾನವಿತ್ತು, ಖಾತ್ರಿ ಇರಲಿಲ್ಲ. ಖಾತ್ರಿ ಇಲ್ಲದ್ದನ್ನು ಹೇಳುವ ಅಭ್ಯಾಸ ನನಗಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಅವರು ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು ಬಕೆಟ್ಟು ಖಾಲಿಯಾಗುವುದನ್ನು ನೋಡುತ್ತಿದ್ದ ರೀತಿ. ಕೊಟ್ಟ ಕಾಫಿ ಕುಡಿದು, ಕಡುಬು ತಿಂದು ಬಂದುಬಿಟ್ಟೆ.

ಕೋಣೆಗೆ ಬಂದವಳು ಪಶುರೋಗಗಳ ಪುಸ್ತಕ ತೆಗೆದು ತೌಡಿನ ಬಗ್ಗೆ ಓದಿದೆ. ಆಮೇಲೆ ಅಮ್ಮನಿಗೆ ಫೋನು ಮಾಡಿದೆ. ಹೊಸನಗರದ ನಮ್ಮ ಮನೆಯಲ್ಲಿ ಈಗಲೂ ಒಂದು ಹಸು ಇದೆ.

“ಅಮ್ಮಾ, ದನಕ್ಕೆ ಎಂತೆಂತ ಹಾಕ್ತೆ?”

“ಹುಲ್ಲು, ಹಿಂಡಿ. ಮತ್ತೆಂತ?”

“ಅಕ್ಕಚ್ಚು?”

“ಅದು ಕುಡಿಯದು ಅಲ್ದನೆ? ಅದ್ನ ಯಾರು ಲೆಕ್ಕಕ್ಕೆ ಹಿಡಿತ? ಎಂತಕ್ಕೆ ಕೇಳ್ತಾ ಇದ್ದೆ, ಅದ್ನೂ ಕಾರ್ಡಲ್ಲಿ ಬರ್ಕಳವಾ?”

ಅದೇ ಮನೆಯಲ್ಲಿ ಹುಟ್ಟಿ ಬೆಳೆದು, ದಿನಾ ಸಂಜೆ ಆ ಪಾತ್ರೆಯನ್ನು ಕೊಟ್ಟಿಗೆಗೆ ಒಯ್ದವಳು ನಾನು. ಬೇರೆ ಊರಿನಿಂದ ಬಂದವಳಾಗಿದ್ದರೆ, ಬಕೆಟ್ಟಿನಲ್ಲಿ ಏನಿದೆ ಎಂದು ಕೇಳುತ್ತಿದ್ದೆನೋ ಏನೋ. ನೀರು ಎಂದು ಸರಿ ಗುರುತು ಹಾಕುವಾಗ ನನ್ನ ತಲೆಯಲ್ಲೂ ಅಕ್ಕಚ್ಚು ಆಹಾರವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಪಶು ಆಸ್ಪತ್ರೆಯ ಡಾಕ್ಟರನ್ನು ಕಂಡು ಎಲ್ಲ ಹೇಳಿದೆ. ಅವರು ಹಣೆಗೆ ಕೈ ಹಚ್ಚಿಕೊಂಡರು. ತೌಡಿನಲ್ಲಿ ರಂಜಕ ವಿಪರೀತ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ದನದ ಹೊಟ್ಟೆ ಅದನ್ನು ಹೇಗೋ ಸಂಭಾಳಿಸುತ್ತದೆ. ಕುದುರೆಯ ದೇಹ ಮಾತ್ರ ಸರಿದೂಗಿಸಲು ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಖಾಲಿಯಾದ ದವಡೆಯ ಎಲುಬು ಊದಿಕೊಳ್ಳುತ್ತದೆ, ಹಲ್ಲು ಸಡಿಲವಾಗುತ್ತದೆ.

“ನನ್ನ ಪುಡಿ?” ಎಂದು ಕೇಳಿದೆ.

“ಅಷ್ಟು ತೌಡಿನ ಮುಂದೆ ಆ ಪುಡಿ ಎಷ್ಟಕ್ಕೆ ಬರುತ್ತೆ? ಅದ್ರಲ್ಲೂ ಒಂದಿಷ್ಟು ರಂಜಕ ಇದೆ, ನೀವೇ ಓದಿರ್ತೀರಲ್ಲ.” ಓದಿದ್ದೆ. “ಈಗ ತೌಡು ನಿಲ್ಲಿಸಿ, ಕ್ಯಾಲ್ಸಿಯಂಗೆ ಅಂತ ಸುಣ್ಣಕಲ್ಲಿನ ಪುಡಿ ಶುರು ಮಾಡಿದ್ರೆ ಉಳೀತಾಳೆ. ಕಾಲಿನ ಎಲುಬು ಮುರಿದ್ರೆ ನಾನೂ ಏನೂ ಮಾಡೋಕಾಗಲ್ಲ. ಗುರುವಾರ ಬಂದು ನೋಡ್ತೀನಿ. ಅಷ್ಟರೊಳಗೆ ನೀವು ಹೇಳಿ.”

ಫೋನು ಮಾಡಿದರೆ ಅಕ್ಕ ಎತ್ತಲಿಲ್ಲ. ಕೊಯ್ಲು ಮುಗಿದ ಕಾಲ, ಮಿಲ್ಲಿಗೆ ಬಿಡುವಿಲ್ಲ. ಯಜಮಾನರಲ್ಲಿ ಅರ್ಧ ದಿನ ರಜೆ ಕೇಳಿದೆ. “ಹೋಗು. ಪೊಟ್ಟಣ ಕಟ್ಟಿದ್ದು ನಮ್ಮ ಅಂಗಡಿ, ಹೇಳೋದೂ ನಾವೇ ಹೇಳಬೇಕು” ಎಂದರು. ತಮಾಷೆ ಮಾಡಲಿಲ್ಲ.

ಮಿಲ್ಲಿನ ಬೆಲ್ಟು ತಿರುಗುತ್ತಿತ್ತು. ನಾಲ್ಕೈದು ಜನ ಚೀಲ ಇಟ್ಟುಕೊಂಡು ಸರದಿ ಕಾಯುತ್ತಿದ್ದರು. ಅಕ್ಕ ಬತ್ತ ಸುರಿಯುವ ಬಾಯಿಯ ಹತ್ತಿರ ಎತ್ತರದಲ್ಲಿ ನಿಂತಿದ್ದರು. ನಾನು ಏನು ಹೇಳಿದರೂ ನನಗೇ ಕೇಳಿಸುತ್ತಿರಲಿಲ್ಲ. ಹತ್ತಿರ ಹೋಗಿ ಕೂಗಿದೆ.

“ತೌಡು!”

“ತೌಡು ಬೇಕಾ? ಚೀಲ ತಂದಿದೀಯಾ?”

“ಬೇಡ! ಕುದುರೆಗೆ ತೌಡು ಕೊಡಬೇಡಿ! ಅದ್ರಿಂದ್ಲೇ ಮುಖ ಊದಿದ್ದು!”

ಅವರು ಕೈ ಚಾಚಿ ಸ್ವಿಚ್ಚು ಕೆಳಗೆಳೆದರು. ಬೆಲ್ಟು ನಿಧಾನವಾಯಿತು. ನನ್ನ ಗಂಟಲು ಮಾತ್ರ ಅದೇ ಎತ್ತರದಲ್ಲಿತ್ತು. “ನನ್ನ ಪುಡಿಯಿಂದ ಏನೂ ಆಗಿಲ್ಲ!” ಎಂದದ್ದು ನಿಶ್ಶಬ್ದವಾದ ಮಿಲ್ಲಿನ ಹಂಚಿನವರೆಗೂ ಕೇಳಿಸಿತು. ಕಾಯುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಅಷ್ಟು ಜನರ ಮುಂದೆ ಅಷ್ಟು ಜೋರಾಗಿ ನಾನು ಜೀವಮಾನದಲ್ಲಿ ಮಾತಾಡಿರಲಿಲ್ಲ.

ಚೀಲದ ಮೇಲೆ ಕೂತಿದ್ದ ಮುದುಕರೊಬ್ಬರು, “ತೌಡು ವಿಷವಾ? ಹಂಗಾದ್ರೆ ನಮ್ಮನೆ ದನ ಎಂಟು ಸಲ ಸಾಯಬೇಕಿತ್ತು” ಎಂದರು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಕೆಳಗಿಳಿದು ಬಂದು ನನ್ನನ್ನು ಹೊರಗೆ ಕರೆದುಕೊಂಡು ಹೋದರು.

ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು. ಕೈಯಲ್ಲಿ ಏನೂ ಉಳಿದಿರಲಿಲ್ಲ, ಆದರೂ ಒರೆಸುತ್ತಿದ್ದರು.

“ಅಣ್ಣನ ಮನೇಲಿ ಒಣಹುಲ್ಲು ತಿನ್ಕೊಂಡಿದ್ಲು. ಇಲ್ಲಿ ಬಂದ ಮೇಲಾದ್ರೂ ಚೆನ್ನಾಗಿ ತಿನ್ಲಿ ಅಂತ ಕೊಟ್ಟೆ” ಎಂದರು. “ಹಂಗಾದ್ರೆ ಮಾಡಿದ್ದು ನಾನೇ ಅಂತಾಯ್ತು.”

“ಮೂರು ತಿಂಗಳು ನಾನೂ ಸರಿಯಾಗಿ ಕೇಳಲಿಲ್ಲ ಅಕ್ಕಾ. ಮೊದಲನೇ ದಿನವೇ ಕೇಳಿದ್ರೆ ಇಷ್ಟಾಗ್ತಿರಲಿಲ್ಲ.”

ಪರವಾಗಿಲ್ಲ ಎಂದು ಅವರು ಅನ್ನಲಿಲ್ಲ. ಅನ್ನಬೇಕು ಎಂದು ನಾನೂ ನಿರೀಕ್ಷಿಸಿರಲಿಲ್ಲ. “ಬಸ್ಸು ಎಷ್ಟೊತ್ತಿಗೆ?” ಎಂದು ಕೇಳಿ ಒಳಗೆ ಹೋದರು. ಮಿಲ್ಲು ಮತ್ತೆ ಶುರುವಾಯಿತು.

ಗುರುವಾರ ಡಾಕ್ಟರು ನೋಡಿ ಬಂದು, ರೋಗ ಅದೇ ಎಂದರು. ಆಮೇಲಿನ ವಾರ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ತೌಡಿನ ರುಚಿ ಹತ್ತಿದ ಕುದುರೆ ಬೇರೇನನ್ನೂ ಸರಿಯಾಗಿ ಮುಟ್ಟಲಿಲ್ಲ. ಬರಿಯ ನೀರಿಟ್ಟರೆ ನಾಲ್ಕು ಗುಟುಕು ಕುಡಿದು ಮೂತಿಯಿಂದ ಬಕೆಟ್ಟು ಉರುಳಿಸಿ ನಿಲ್ಲುತ್ತಿತ್ತಂತೆ. ಮೂರನೆಯ ದಿನ ಅಕ್ಕ ಫೋನು ಮಾಡಿದರು.

“ಇವತ್ತು ಕೊಡ್ತೀನಿ. ಒಂದೇ ಒಂದು ಹಿಡಿ. ಇಲ್ದಿದ್ರೆ ಹಸಿವಿಂದ್ಲೇ ಹೋಗ್ತಾಳೆ.”

“ಡಾಕ್ಟ್ರನ್ನ ಕೇಳಿ ಹೇಳ್ತೀನಿ. ಅಲ್ಲೀವರೆಗೆ ಬೇಡ ಅಕ್ಕಾ.”

“ನಿಂಗೆ ಅಲ್ಲಿ ಕೂತು ಹೇಳೂದು ಸುಲಭ” ಎಂದು ಫೋನಿಟ್ಟರು. ಅದು ನಿಜವೇ ಆಗಿತ್ತು. ಡಾಕ್ಟರು ಒಂದು ಹಿಡಿಯೂ ಬೇಡ, ಇನ್ನೆರಡು ದಿನ ನೋಡೋಣ ಎಂದರು. ಅದನ್ನೇ ತಿಳಿಸಿದೆ. ಮರುದಿನ ಫೋನಿಲ್ಲ. ಅದರ ಮರುದಿನವೂ ಇಲ್ಲ. ಅಂಗಡಿಯಲ್ಲಿ ನಾನು ಯಾರಿಗೋ ಬೆಕ್ಕಿನ ಔಷಧದ ಬದಲು ನಾಯಿಯದ್ದು ಕೊಟ್ಟುಬಿಟ್ಟೆ, ಯಜಮಾನರು ಓಡಿಹೋಗಿ ಬದಲಿಸಿಕೊಂಡು ಬಂದರು.

ದಾರಿ ಕಂಡುಹಿಡಿದದ್ದು ಅಕ್ಕನೇ. ಸುಣ್ಣದ ಪುಡಿಯನ್ನು ಹುರುಳಿಗೆ ಉದುರಿಸಿದರೆ ಕುದುರೆ ಮೂಸಿ ಬಿಡುತ್ತಿತ್ತು. ಕಳಿತ ಬಾಳೆಹಣ್ಣು ಹಿಸುಕಿ, ಬೆಲ್ಲ ಮತ್ತು ಪುಡಿ ಸೇರಿಸಿ ಉಂಡೆ ಮಾಡಿ, ಉಂಡೆಯನ್ನು ಅಂಗೈಯಲ್ಲಿ ಅಡಗಿಸಿಕೊಂಡು ಕುತ್ತಿಗೆ ತುರಿಸುತ್ತಾ ನಿಂತರಂತೆ. ಒಂದು ಗಂಟೆ ನಿಂತ ಮೇಲೆ ಅಂಗೈ ನೆಕ್ಕಿತು. ಒಂದು ಹೋಯಿತು, ಎರಡನೆಯದೂ ಹೋಯಿತು. ಸಂಜೆಗೆ ಹುಲ್ಲು ಎಳೆಯಿತು.

ಪಕ್ಕದ ಮನೆಯವರದು ಬೇರೆಯೇ ತಕರಾರು. ಅಕ್ಕಚ್ಚು ತರಬೇಡಿ ಎಂದದ್ದಕ್ಕೆ ಒಂದು ಮನೆಯ ಹೆಂಗಸು, “ನಮ್ಮನೆ ಅಕ್ಕಿ ತೊಳೆದ ನೀರು ನಿಮ್ಮ ಕುದುರೆಗೂ ಆಗ್ದೇ ಹೋಯ್ತಾ?” ಎಂದು ಹದಿನೈದು ದಿನ ಮಾತು ಬಿಟ್ಟರಂತೆ. ಕೊನೆಗೆ ಅಕ್ಕ ತಮ್ಮ ಮನೆಯ ಅಕ್ಕಚ್ಚನ್ನೇ ಹೊತ್ತುಕೊಂಡು ಹೋಗಿ ಅವರ ಎಮ್ಮೆಗೆ ಹೊಯ್ದು ರಾಜಿ ಮಾಡಿಕೊಂಡರು. ಇದನ್ನು ಹೇಳುವಾಗ ಅವರು ಫೋನಿನಲ್ಲಿ ಬಹಳ ದಿನಗಳ ಮೇಲೆ ನಕ್ಕರು.

ಮೇ ತಿಂಗಳ ಕೊನೆಯ ಭಾನುವಾರ ಯಾರೂ ಕರೆಯದೆ ನಾನೇ ಹೋದೆ. ಕುದುರೆ ಹೊರಗೆ ಹಲಸಿನ ಮರದ ನೆರಳಲ್ಲಿ ನಾಲ್ಕೂ ಕಾಲಿನ ಮೇಲೆ ಸರಿಯಾಗಿ ನಿಂತಿತ್ತು. ಮುಖದ ಉಬ್ಬು ಹಾಗೆಯೇ ಇತ್ತು. ಅದು ಇನ್ನು ಪೂರ್ತಿ ಇಳಿಯಲಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಕ್ಕ ಒಂದು ಹೊರೆ ಹಸಿ ಹುಲ್ಲು ತಂದು ಹಾಕಿದರು. ಅವಳು ಅಗಿಯುವ ಸದ್ದು ಕರಕರನೆ ಒಂದೇ ಹದದಲ್ಲಿ ಕೇಳುತ್ತಿತ್ತು. ನಾನು ನೆಲ ನೋಡುತ್ತಿದ್ದೆ.

“ಉಂಡೆ ಬಿದ್ದಿದ್ಯಾ ಅಂತ ನೋಡ್ತಿದೀಯಾ?”

“ಹೂಂ.”

“ನಾನೂ ದಿನಾ ನೋಡ್ತೀನಿ. ಬೀಳೂದು ನಿಂತು ಹತ್ತು ದಿನ ಆಯ್ತು.” ಕುದುರೆಯ ಹಣೆಯ ಕೂದಲು ಸರಿಸಿ ಉಬ್ಬಿನ ಮೇಲೆ ಬೆರಳು ಆಡಿಸಿದರು. “ಮೇಗರವಳ್ಳಿ ಕಡೆ ಹೋಂಸ್ಟೇಯವ್ರು ಒಬ್ರು ಬಂದಿದ್ರು, ಕುದುರೆ ಕೊಡ್ತೀರಾ ಅಂತ. ಮುಖ ನೋಡಿ ವಾಪಸ್ ಹೋದ್ರು.”

“ಬೇಜಾರಾಯ್ತಾ?”

“ಎಂಥಕ್ಕೆ? ಹೋಗ್ಲಿ ಮಾರಾಯ್ತಿ. ಇಲ್ಲೇ ಇರ್ತಾಳೆ.”

ಹುಲ್ಲು ಅರ್ಧ ಮುಗಿದಿತ್ತು. ಅಕ್ಕ ಇನ್ನೊಂದು ಹೊರೆ ತರಲು ಕತ್ತಿ ಹಿಡಿದು ಗದ್ದೆಯ ಕಡೆ ಇಳಿದರು. ಕುದುರೆಯ ಹಗ್ಗ ನನ್ನ ಕೈಗೆ ಕೊಟ್ಟು ಹೋಗಿದ್ದರು. ಅವರು ಬರುವವರೆಗೆ ಹಿಡಿದುಕೊಂಡು ನಿಂತೆ.